ವಿಷದ ಉಪ್ಪಿಗೆ ಬದಲಾಗಿ ಕಡಲಿನ ಉಪ್ಪು

ಸೌರವಿದ್ಯುತ್ತು ಎಷ್ಟರಮಟ್ಟಿಗೆ ನಿರ್ಮಲವಾದುದು ಎಂಬ ಚರ್ಚೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಸಿದ್ಧವಾಗಿ ತಾರಸಿಯ ಮೇಲೋ ಬಯಲಿನಲ್ಲೋ ನಿಂತ ಫಲಕದೊಳಗೆ ಯಾವ ವಿಷವಸ್ತು ಉಳಿದಿದೆ ಎಂಬುದು ಒಂದು ಪ್ರಶ್ನೆ; ಆ ಫಲಕವನ್ನು ತಯಾರಿಸುವಾಗ ಯಾವ ವಿಷವಸ್ತುವನ್ನು ಕರಗಿಸಿ, ಕಾಯಿಸಿ, ಆವಿಯಾಗಿಸಿ, ತೊಳೆದು ಚೆಲ್ಲಲಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಿಕ್ಕಷ್ಟು ಗಮನ ಎರಡನೆಯದಕ್ಕೆ ಸಿಕ್ಕಿಲ್ಲ, ಏಕೆಂದರೆ ತಯಾರಿಕೆಯ ವಿಷ ಬಳಕೆದಾರರ ಮನೆಯವರೆಗೆ ಬರುವುದೇ ಇಲ್ಲ. ಅದು ಕಾರ್ಖಾನೆಯ ಕಾರ್ಮಿಕರ ಉಸಿರಿಗೆ, ಚರ್ಮಕ್ಕೆ ಮತ್ತು ಅಲ್ಲಿಂದ ಹೊರಬೀಳುವ ನೀರಿಗೆ ಸೇರುತ್ತದೆ. ಆದರೆ ತೆಳುಪದರದ ಸೌರಕೋಶಗಳ ಮಟ್ಟಿಗೆ, ಬೇಗನೆ ಮತ್ತು ಕಡಿಮೆ ಖರ್ಚಿನಲ್ಲಿ ಕಳೆದುಹಾಕಬಹುದಾದ ವಿಷ ಈ ಎರಡನೆಯ ಬಗೆಯದೇ ಆಗಿದೆ. ಕೋಶದ ಮೂಲವಸ್ತುವನ್ನು ಬದಲಿಸಿದರೆ ಕೋಶವೇ ಬೇರೆಯಾಗುತ್ತದೆ. ತಯಾರಿಕೆಯಲ್ಲಿ ನೆರವಿಗೆ ಬಂದು ಹೋಗುವ ಲವಣ, ದ್ರಾವಕ, ಅನಿಲಗಳನ್ನು ಬದಲಿಸಿದರೆ ಕೋಶ ಹಾಗೆಯೇ ಉಳಿಯಬಲ್ಲದು.

ತೆಳುಪದರದ ಸೌರಕೋಶವೆಂದರೆ ಬೆಳಕನ್ನು ಹೀರಿಕೊಳ್ಳುವ ಅರೆವಾಹಕವನ್ನು, ಅಂದರೆ ಲೋಹಕ್ಕೂ ಅವಾಹಕಕ್ಕೂ ನಡುವಣ ವಿದ್ಯುದ್ಗುಣವುಳ್ಳ ವಸ್ತುವನ್ನು, ಗಾಜು, ಲೋಹದ ತಗಡು ಅಥವಾ ಪ್ಲಾಸ್ಟಿಕ್ಕಿನ ಮೇಲೆ ಕೆಲವೇ ಮೈಕ್ರೋಮೀಟರ್ ದಪ್ಪಕ್ಕೆ ಲೇಪಿಸಿ ಮಾಡಿದ ಕೋಶ. ಇಂದು ಪ್ರಪಂಚದ ಸೌರಫಲಕಗಳಲ್ಲಿ ಬಹುಪಾಲು ಸಿಲಿಕಾನ್ ಸ್ಫಟಿಕದ ಬಿಲ್ಲೆಗಳಿಂದ ಆದವು. ಆ ಬಿಲ್ಲೆಗಳ ದಪ್ಪ 150 ಮೈಕ್ರೋಮೀಟರ್ ಆಸುಪಾಸಿನಲ್ಲಿದ್ದರೆ, ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ಸಂಯುಕ್ತದ ಪದರ ಎರಡು ಮೂರು ಮೈಕ್ರೋಮೀಟರ್ ಇದ್ದರೂ ಬೀಳುವ ಬೆಳಕಿನಲ್ಲಿ ಉಪಯುಕ್ತವಾದ ಭಾಗವನ್ನೆಲ್ಲ ಹೀರಿಬಿಡುತ್ತದೆ. ಮನುಷ್ಯನ ತಲೆಗೂದಲನ್ನು ಉದ್ದಕ್ಕೆ ಮೂವತ್ತು ಹಾಳೆಗಳಾಗಿ ಸೀಳಿದರೆ ಒಂದು ಹಾಳೆಗೆ ಬರುವ ದಪ್ಪ ಅದು. ವಸ್ತು ಕಡಿಮೆ, ಕಾಯಿಸುವ ಶಕ್ತಿ ಕಡಿಮೆ, ಗಾಜಿನ ಹಾಳೆ ಒಂದು ಕಡೆಯಿಂದ ಒಳಹೊಕ್ಕು ಇನ್ನೊಂದು ಕಡೆಯಿಂದ ಫಲಕವಾಗಿ ಹೊರಬರುವಷ್ಟು ಸರಳವಾದ ಕ್ರಮ: ಇವು ಈ ಬಗೆಯ ಕೋಶಗಳ ಆಕರ್ಷಣೆಗಳು. ಒಟ್ಟು ಮಾರುಕಟ್ಟೆಯಲ್ಲಿ ಇವುಗಳ ಪಾಲು ಶೇಕಡಾ 5ಕ್ಕಿಂತ ಕಡಿಮೆಯಾದರೂ, ಅದರಲ್ಲಿ ಹೆಚ್ಚಿನದನ್ನು ಆಕ್ರಮಿಸಿರುವ ಕ್ಯಾಡ್ಮಿಯಂ ಟೆಲ್ಯುರೈಡ್ ಕೋಶ ಪ್ರಯೋಗಾಲಯದಲ್ಲಿ ಶೇಕಡಾ 23ರಷ್ಟು ದಕ್ಷತೆಯನ್ನು ಮುಟ್ಟಿದೆ. ಅಂದರೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಅಷ್ಟು ಪಾಲು ವಿದ್ಯುತ್ತಾಗುತ್ತದೆ.

ಕ್ಯಾಡ್ಮಿಯಂ ಎಂಬ ಹೆಸರೇ ಭಯ ಹುಟ್ಟಿಸಲು ಕಾರಣವಿದೆ. ಜಪಾನಿನ ತೊಯಾಮ ಪ್ರಾಂತದಲ್ಲಿ ಗಣಿಯಿಂದ ಜಿಂಜು ನದಿಗೆ ಸೇರಿದ ಕ್ಯಾಡ್ಮಿಯಂ ಭತ್ತದ ಗದ್ದೆಗಳ ಮೂಲಕ ಜನರ ದೇಹಕ್ಕೆ ಇಳಿದು, ಮೂತ್ರಪಿಂಡಗಳನ್ನು ಕೆಡಿಸಿ, ಎಲುಬುಗಳನ್ನು ಮೆತ್ತಗಾಗಿಸಿ, ಅಲ್ಪಸ್ವಲ್ಪ ಚಲನೆಗೂ ಮುರಿಯುವಂತೆ ಮಾಡಿತು. ರೋಗಿಗಳ ನರಳಾಟದಿಂದಲೇ ‘ಇತಾಯ್ ಇತಾಯ್’ ಎಂಬ ಹೆಸರು ಪಡೆದ ಆ ವ್ಯಾಧಿಯನ್ನು ಪರಿಸರ ಮಾಲಿನ್ಯದಿಂದ ಬಂದುದೆಂದು ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ದೇಹ ಹೊಕ್ಕ ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ದಶಕಗಳ ಕಾಲ ನಿಲ್ಲುತ್ತದೆ, ಮತ್ತು ಅದು ಮಾನವರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ದೃಢಪಟ್ಟಿದೆ. ಇಷ್ಟಾದರೂ ಎಲ್ಲ ರೂಪದ ಕ್ಯಾಡ್ಮಿಯಂ ಒಂದೇ ಬಗೆಯ ಅಪಾಯವಲ್ಲ ಎಂಬುದನ್ನು ಗಮನಿಸದೆ ಹೋದರೆ ಮುಂದಿನ ವಿಷಯ ಅರ್ಥವಾಗುವುದಿಲ್ಲ. ಕ್ಯಾಡ್ಮಿಯಂ ಟೆಲ್ಯುರೈಡ್ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುವ, ನೀರಿನಲ್ಲಿ ಬಹುಮಟ್ಟಿಗೆ ಕರಗದ ಗಟ್ಟಿ ಸಂಯುಕ್ತ. ಫಲಕದಲ್ಲಿ ಅದು ಎರಡು ಗಾಜಿನ ಹಾಳೆಗಳ ನಡುವೆ ಮುಚ್ಚಿಕೊಂಡಿರುತ್ತದೆ. ಮೂರು ಮೈಕ್ರೋಮೀಟರ್ ದಪ್ಪದ ಪದರವೆಂದು ಲೆಕ್ಕಹಾಕಿದರೆ ಒಂದು ಚದರ ಮೀಟರಿನಲ್ಲಿರುವ ಕ್ಯಾಡ್ಮಿಯಂ ಸುಮಾರು 8 ಗ್ರಾಂ. ಕಡೆಗಣಿಸುವಷ್ಟು ಸಣ್ಣ ಪ್ರಮಾಣವಲ್ಲವಾದರೂ, ಇರುವಲ್ಲೇ ಹಿಡಿದಿಟ್ಟು, ಬಾಳಿಕೆ ಮುಗಿದ ಮೇಲೆ ಮರಳಿ ಪಡೆಯಬಹುದಾದ ಪ್ರಮಾಣ.

ಇದೇ ಕೋಶದ ತಯಾರಿಕೆಯಲ್ಲಿ ಬಳಕೆಯಾಗುವ ಕ್ಯಾಡ್ಮಿಯಂ ಕ್ಲೋರೈಡ್ ಎಂಬ ಲವಣದ ಸ್ವಭಾವ ತೀರ ಬೇರೆ. ಅದು ಒಂದು ಲೀಟರ್ ನೀರಿನಲ್ಲಿ ಒಂದು ಕಿಲೋಗ್ರಾಮಿಗೂ ಹೆಚ್ಚು ಕರಗುತ್ತದೆ. ಕರಗಿದ್ದು ಗಿಡಕ್ಕೆ, ಮೀನಿಗೆ, ಮನುಷ್ಯನಿಗೆ ನೇರವಾಗಿ ಸೇರಬಲ್ಲದು. ಕಾಯಿಸಿದರೆ ಆವಿಯಾಗಿ ಮೇಲೇಳುತ್ತದೆ. ಗಾಜಿನ ಮೇಲೆ ಕ್ಯಾಡ್ಮಿಯಂ ಟೆಲ್ಯುರೈಡ್ ಪದರವನ್ನು ಲೇಪಿಸಿದ ಬಳಿಕ ಅದರ ಮೇಲೆ ಈ ಲವಣವನ್ನು ದ್ರಾವಣವಾಗಿಯೋ ಆವಿಯಾಗಿಯೋ ಹರಡಿ, ಸುಮಾರು 400 ಡಿಗ್ರಿ ಉಷ್ಣತೆಯಲ್ಲಿ ಕೆಲವು ನಿಮಿಷಗಳಿಂದ ಅರ್ಧ ಗಂಟೆಯವರೆಗೆ ಕಾಯಿಸಿ, ಉಳಿದದ್ದನ್ನು ತೊಳೆದು ತೆಗೆಯುವುದು ದಶಕಗಳಿಂದ ನಡೆದುಬಂದ ಕ್ರಮ. ಇದನ್ನು ಸಕ್ರಿಯಗೊಳಿಸುವ ಹಂತವೆಂದು ಕರೆಯುತ್ತಾರೆ, ಮತ್ತು ಆ ಹೆಸರು ಉತ್ಪ್ರೇಕ್ಷೆಯಲ್ಲ: ಈ ಉಪಚಾರವಿಲ್ಲದ ಕೋಶದ ದಕ್ಷತೆ ಸಾಮಾನ್ಯವಾಗಿ ಶೇಕಡಾ 2ರ ಆಸುಪಾಸಿನಲ್ಲೋ ಅದಕ್ಕೂ ಕೆಳಗೋ ನಿಂತುಬಿಡುತ್ತದೆ, ಉಪಚಾರದ ಬಳಿಕ ಅದೇ ಪದರ ಹತ್ತನ್ನು ದಾಟಿ ಏರುತ್ತದೆ. ಹಾಗಾಗಿ ಈ ಹಂತವನ್ನು ಕೈಬಿಡುವ ಮಾತು ಯಾರಿಗೂ ಸಾಧ್ಯವಾಗಿರಲಿಲ್ಲ.

ಈ ಲವಣವೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧಾಂತಕ್ಕಿಂತ ಹೆಚ್ಚಾಗಿ ಚರಿತ್ರೆಯಲ್ಲಿದೆ. 1970 ಮತ್ತು 1980ರ ದಶಕಗಳಲ್ಲಿ ಅರೆವಾಹಕದ ಪುಡಿಯನ್ನು ಅಂಟಾಗಿ ಕಲಸಿ, ಜಾಲರಿಯ ಮೂಲಕ ಮುದ್ರಿಸಿ, ಕುಲುಮೆಯಲ್ಲಿ ಸುಟ್ಟು ಕೋಶ ಮಾಡುತ್ತಿದ್ದ ಕಾಲದಲ್ಲಿ ಪುಡಿಯ ಕಣಗಳು ಬೆಸೆದುಕೊಳ್ಳಲು ನೆರವಾಗುವ ದ್ರಾವಕಾರಿಯಾಗಿ, ಎಂದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದಂಥ ಪದಾರ್ಥವಾಗಿ, ಕ್ಯಾಡ್ಮಿಯಂ ಕ್ಲೋರೈಡ್ ಬಂತು. ಕ್ಯಾಡ್ಮಿಯಂ ಇರುವ ಪದರಕ್ಕೆ ಕ್ಯಾಡ್ಮಿಯಂ ಲವಣವನ್ನೇ ಸೇರಿಸಿದರೆ ಹೊರಗಿನ ಲೋಹ ಒಳನುಗ್ಗಿ ಕೆಡಿಸುವ ಭಯವಿರುವುದಿಲ್ಲವೆಂಬ ತರ್ಕವೂ ಸಹಜವಾದುದೇ. ಮುಂದೆ ಪುಡಿಯ ಮುದ್ರಣ ಹೋಗಿ ಆವಿಯ ಲೇಪನ ಬಂದರೂ ಲವಣ ಉಳಿದುಕೊಂಡಿತು. ಫಲ ಕೊಡುತ್ತಿದ್ದ ಕ್ರಮವನ್ನು ಕಾರ್ಖಾನೆ ಪ್ರಶ್ನಿಸುವುದು ಅಪರೂಪ. ಪ್ರಯೋಗಾಲಯಗಳೂ ದಕ್ಷತೆಯ ಅಂಕಿ ಏರುತ್ತಿರುವವರೆಗೆ ಪ್ರಶ್ನಿಸಲಿಲ್ಲ.

ಪ್ರಯತ್ನಗಳು ಮಾತ್ರ ಇಲ್ಲದಿರಲಿಲ್ಲ, ಮತ್ತು ಅವುಗಳಲ್ಲಿ ಒಂದು ತುಂಬ ಬೋಧಪ್ರದವಾಗಿದೆ. ಇಟಲಿಯ ಪಾರ್ಮ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಡ್ಮಿಯಂ ಕ್ಲೋರೈಡಿನ ಬದಲಿಗೆ ಕ್ಲೋರಿನ್ ಮತ್ತು ಫ್ಲೋರಿನ್ ಎರಡನ್ನೂ ಹೊಂದಿದ ಫ್ರಿಯಾನ್ ವರ್ಗದ ಅನಿಲದಲ್ಲಿ ಪದರವನ್ನು ಕಾಯಿಸಿ ಒಳ್ಳೆಯ ಕೋಶಗಳನ್ನು ಪಡೆದರು. ಕಾರ್ಮಿಕರು ಕರಗುವ ಕ್ಯಾಡ್ಮಿಯಂ ಲವಣವನ್ನು ಮುಟ್ಟಬೇಕಾಗಿಲ್ಲವೆಂಬುದು ನಿಜವಾದ ಲಾಭ. ಆದರೆ ಆ ವರ್ಗದ ಅನಿಲಗಳು ಓಝೋನ್ ಪದರಕ್ಕೂ ವಾತಾವರಣದ ಉಷ್ಣತೆಗೂ ಹಾನಿಕರವೆಂಬ ಕಾರಣಕ್ಕೆ ಜಗತ್ತಿನಾದ್ಯಂತ ನಿಯಂತ್ರಣಕ್ಕೆ ಒಳಗಾದವು. ಹೈಡ್ರೋಜನ್ ಕ್ಲೋರೈಡ್ ಅನಿಲವನ್ನೂ ಪ್ರಯತ್ನಿಸಲಾಯಿತು. ಅದು ಉಸಿರನ್ನು ಸುಡುವ, ಯಂತ್ರದ ಲೋಹವನ್ನು ತಿನ್ನುವ ಆಮ್ಲ. ಕಡಿಮೆ ವಿಷದ ಕ್ರಮವೆಂಬುದನ್ನು ತೂಗುವಾಗ ಒಂದು ವಿಷ ಹೋಯಿತೇ ಎಂದು ಕೇಳಿದರೆ ಸಾಲದು, ಅದರ ಜಾಗಕ್ಕೆ ಬಂದದ್ದು ಯಾರನ್ನು ತಟ್ಟುತ್ತದೆ ಎಂದೂ ಕೇಳಬೇಕು ಎಂಬುದಕ್ಕೆ ಇವು ಹಳೆಯ ನಿದರ್ಶನಗಳು.

2014ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜಾನ್ ಮೇಜರ್, ಕೆನ್ ಡ್ಯೂರೋಸ್ ಮತ್ತು ಸಹೋದ್ಯೋಗಿಗಳು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ಅವರು ಕ್ಯಾಡ್ಮಿಯಂ ಕ್ಲೋರೈಡಿನ ಜಾಗದಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇಟ್ಟು, ಉಳಿದೆಲ್ಲ ಹಂತಗಳನ್ನು ಹಾಗೆಯೇ ಉಳಿಸಿಕೊಂಡು ಕೋಶಗಳನ್ನು ಮಾಡಿದಾಗ ಅತ್ಯುತ್ತಮ ಕೋಶದ ದಕ್ಷತೆ ಶೇಕಡಾ 13.5 ಬಂತು; ಅದೇ ಪ್ರಯೋಗಾಲಯದಲ್ಲಿ ಹಳೆಯ ಲವಣದಿಂದ ಮಾಡಿದ ಕೋಶಗಳಿಗೆ ಇದು ಸರಿಸಮ. ಮೆಗ್ನೀಸಿಯಂ ಕ್ಲೋರೈಡ್ ಸಮುದ್ರದ ನೀರಿನಲ್ಲೇ ಇರುವ ವಸ್ತು. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಉಪ್ಪಿನ ಆಗರಗಳಲ್ಲಿ ಅಡುಗೆಯ ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಕಹಿನೀರಿನ ಕಹಿಗೆ ಮೆಗ್ನೀಸಿಯಂ ಲವಣಗಳೇ ಕಾರಣ. ಜಪಾನಿನಲ್ಲಿ ಸೋಯಾ ಹಾಲನ್ನು ಒಡೆಸಿ ತೋಫು ಮಾಡಲು ಅದನ್ನೇ ಬಳಸುತ್ತಾರೆ. ಶೀತದೇಶಗಳಲ್ಲಿ ರಸ್ತೆಯ ಮೇಲಿನ ಹಿಮ ಕರಗಿಸಲು ಚೆಲ್ಲುತ್ತಾರೆ. ಸಂಶೋಧಕರು ಕೊಟ್ಟ ಬೆಲೆಯ ಹೋಲಿಕೆಯಂತೆ ಕ್ಯಾಡ್ಮಿಯಂ ಕ್ಲೋರೈಡ್ ಗ್ರಾಮಿಗೆ ಸುಮಾರು 0.3 ಡಾಲರ್ ಆದರೆ ಮೆಗ್ನೀಸಿಯಂ ಕ್ಲೋರೈಡ್ 0.001 ಡಾಲರ್, ಅಂದರೆ ಮುನ್ನೂರರಲ್ಲಿ ಒಂದು ಪಾಲು.

ಈ ಬದಲಾವಣೆ ಸಾಧ್ಯವಾದದ್ದು ಹೇಗೆಂಬುದೇ ಇಡೀ ಪ್ರಕರಣದ ತಿರುಳು. ಲೇಪನವಾದ ಪದರ ಒಂದೇ ಸ್ಫಟಿಕವಲ್ಲ. ಅಸಂಖ್ಯ ಚಿಕ್ಕ ಸ್ಫಟಿಕಕಣಗಳು ಒತ್ತೊತ್ತಾಗಿ ಸೇರಿ ಆದದ್ದು. ಎರಡು ಕಣಗಳು ಸೇರುವ ಗಡಿಯಲ್ಲಿ ಪರಮಾಣುಗಳ ಜೋಡಣೆ ತಪ್ಪಿರುವುದರಿಂದ, ಬೆಳಕಿನಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳು ಅಲ್ಲಿ ಸಿಕ್ಕಿಕೊಂಡು ಹೊರಗಿನ ಮಂಡಲವನ್ನು ತಲುಪದೆ ನಷ್ಟವಾಗುತ್ತವೆ. ಉಪಚಾರದ ವೇಳೆ ಕ್ಲೋರಿನ್ ಈ ಗಡಿಗಳುದ್ದಕ್ಕೂ ಪದರದ ಆಳಕ್ಕೆ ಇಳಿದು, ಕಣಗಳು ಮರುಹರಳಾಗಿ ಬೆಳೆಯಲು ನೆರವಾಗುತ್ತದೆ ಮತ್ತು ಗಡಿಗಳ ಸ್ವಭಾವವನ್ನೇ ಬದಲಿಸುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನಡೆದು, ಕಾಕತಾಳೀಯವಾಗಿ 2014ರಲ್ಲೇ ಪ್ರಕಟವಾದ ಅಧ್ಯಯನವೊಂದು, ಗಡಿಯ ಬಳಿ ಟೆಲ್ಯುರಿಯಂ ಪರಮಾಣುಗಳ ಜಾಗವನ್ನು ಕ್ಲೋರಿನ್ ಹಿಡಿದುಕೊಂಡು ಅಲ್ಲಿ ಪುಟ್ಟ ವಿದ್ಯುತ್ ಕ್ಷೇತ್ರವನ್ನು ಏರ್ಪಡಿಸುವುದರಿಂದ, ಎಲೆಕ್ಟ್ರಾನುಗಳು ನಷ್ಟವಾಗುವ ಬದಲು ಗಡಿಗುಂಟ ಸಾಗಿ ಸಂಗ್ರಹವಾಗುತ್ತವೆ ಎಂದು ತೋರಿಸಿತು. ಎಂದ ಮೇಲೆ ಕೆಲಸ ಮಾಡುತ್ತಿದ್ದುದು ಕ್ಲೋರಿನ್. ಉಪಚಾರದ ಲವಣದಲ್ಲಿದ್ದ ಕ್ಯಾಡ್ಮಿಯಂ ಅದನ್ನು ಹೊತ್ತು ತಂದ ವಾಹನ ಮಾತ್ರ.

ಹಾಗೆಂದು ಯಾವ ಕ್ಲೋರೈಡ್ ಆದರೂ ಆದೀತು ಎಂದಲ್ಲ. ಅಡುಗೆಯ ಉಪ್ಪಾದ ಸೋಡಿಯಂ ಕ್ಲೋರೈಡ್, ಅದರ ಬಂಧುವಾದ ಪೊಟ್ಯಾಸಿಯಂ ಕ್ಲೋರೈಡ್ ಇಂಥ ಫಲ ಕೊಡಲಿಲ್ಲ. ಅವುಗಳಲ್ಲಿ ಲೋಹ ಕ್ಲೋರಿನ್ನನ್ನು ಬಿಗಿಯಾಗಿ ಹಿಡಿದಿರುತ್ತದೆ. ಮೆಗ್ನೀಸಿಯಂ ಆದರೋ ಕುಲುಮೆಯ ಗಾಳಿಯಲ್ಲಿರುವ ಆಮ್ಲಜನಕದ ಕಡೆಗೆ ಒಲಿದು ಕ್ಲೋರಿನ್ನನ್ನು ಹೆಚ್ಚು ಸುಲಭವಾಗಿ ಬಿಟ್ಟುಕೊಡುತ್ತದೆ. ಹಂತವೊಂದು ಏಕೆ ಕೆಲಸ ಮಾಡುತ್ತದೆಂದು ತಿಳಿಯುವವರೆಗೆ ಅದರಲ್ಲಿನ ವಿಷ ಅನಿವಾರ್ಯವೆಂದು ತೋರುತ್ತದೆ. ತಿಳಿದ ಮೇಲೆ ಯಾವ ಭಾಗ ಬೇಕು, ಯಾವುದು ಬೇಡ ಎಂದು ಬಿಡಿಸಿ ನೋಡಬಹುದು. ಈ ದೃಷ್ಟಿಯಿಂದ ಮೂಲವಿಜ್ಞಾನದ ಅಧ್ಯಯನವೇ ಕಾರ್ಮಿಕರ ಸುರಕ್ಷತೆಯ ಸಾಧನವೂ ಹೌದು ಎಂಬ ಮಾತಿಗೆ ಲಿವರ್‌ಪೂಲ್ ಪ್ರಯೋಗಕ್ಕಿಂತ ಒಳ್ಳೆಯ ಆಧಾರ ಸಿಗಲಾರದು. ಅದರ ಮಿತಿಯನ್ನೂ ಹೇಳಬೇಕು. ಅದೇ ವರ್ಷ ಉದ್ಯಮದ ಅತ್ಯುತ್ತಮ ಕೋಶಗಳು ಶೇಕಡಾ 20ನ್ನು ದಾಟಿದ್ದವು, 13.5ರ ಮಟ್ಟದಲ್ಲಿ ಕಂಡ ಸಮಾನತೆ 20ರ ಮೇಲೂ ಉಳಿಯುವುದೇ ಎಂಬುದು ಬೇರೆಯೇ ಪರೀಕ್ಷೆ, ಏಕೆಂದರೆ ದೋಷಗಳು ಕಡಿಮೆಯಾದಷ್ಟೂ ಸಣ್ಣ ವ್ಯತ್ಯಾಸಗಳು ದೊಡ್ಡದಾಗಿ ಕಾಣುತ್ತವೆ. ಅಲ್ಲದೆ ಕೋಶದ ಮುಖ್ಯ ಪದರದಲ್ಲಿ ಕ್ಯಾಡ್ಮಿಯಂ ಇದ್ದೇ ಇದೆ. ಹೋದದ್ದು ಕರಗುವ, ಆವಿಯಾಗುವ, ಅತ್ಯಂತ ಚಂಚಲವಾದ ರೂಪ ಮಾತ್ರ. ಆದರೆ ಕಾರ್ಖಾನೆಯೊಳಗಿನ ಅಪಾಯವನ್ನು ಹೆಚ್ಚಾಗಿ ನಿರ್ಧರಿಸುವುದು ಆ ರೂಪವೇ.

ಪದರದಲ್ಲಿ ಉಳಿಯುವ ವಿಷಕ್ಕೂ ತಯಾರಿಕೆಯಲ್ಲಿ ಹರಿದುಹೋಗುವ ವಿಷಕ್ಕೂ ಎಷ್ಟು ಅಂತರವಿರಬಹುದೆಂಬುದು ತಾಮ್ರ, ಇಂಡಿಯಂ, ಗ್ಯಾಲಿಯಂ ಮತ್ತು ಸೆಲೆನಿಯಂ ಸೇರಿದ ಇನ್ನೊಂದು ಬಗೆಯ ತೆಳುಪದರದ ಕೋಶದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಇದರಲ್ಲಿ ಬೆಳಕು ಹೀರುವ ಪದರಕ್ಕೂ ಮೇಲಿನ ಪಾರದರ್ಶಕ ವಿದ್ಯುದ್ವಾರಕ್ಕೂ ನಡುವೆ ಕ್ಯಾಡ್ಮಿಯಂ ಸಲ್ಫೈಡಿನ ಅತಿ ತೆಳುವಾದ ಪದರವೊಂದನ್ನು ಕೂರಿಸುವುದು ರೂಢಿ. ಅದರ ದಪ್ಪ ಸುಮಾರು 50 ನ್ಯಾನೋಮೀಟರ್, ಅಂದರೆ ಒಂದು ಮೈಕ್ರೋಮೀಟರಿನ ಇಪ್ಪತ್ತರಲ್ಲಿ ಒಂದು ಭಾಗ; ಚದರ ಮೀಟರಿಗೆ ಲೆಕ್ಕಹಾಕಿದರೆ ಕ್ಯಾಡ್ಮಿಯಂ ಕಾಲು ಗ್ರಾಮಿಗೂ ಕಡಿಮೆ. ಇಷ್ಟು ಅಲ್ಪ ಪ್ರಮಾಣವನ್ನು ಕಂಡು ಸಮಾಧಾನಪಡುವ ಮೊದಲು ಅದು ಹೇಗೆ ಕೂರುತ್ತದೆಂದು ನೋಡಬೇಕು. ಕ್ಯಾಡ್ಮಿಯಂ ಲವಣ, ಅಮೋನಿಯಾ ಮತ್ತು ಥಯೋಯೂರಿಯಾ ಎಂಬ ಗಂಧಕಯುಕ್ತ ಸಂಯುಕ್ತವನ್ನು ಬೆರೆಸಿದ ಬಿಸಿನೀರಿನ ತೊಟ್ಟಿಯಲ್ಲಿ ಫಲಕವನ್ನು ಮುಳುಗಿಸಿದಾಗ, ಫಲಕದ ಮೇಲೆ ಪದರ ಬೆಳೆಯುವುದರ ಜೊತೆಗೇ ತೊಟ್ಟಿಯ ನೀರಿನಲ್ಲೆಲ್ಲ ಹಳದಿ ಗಸಿಯಾಗಿ ಕ್ಯಾಡ್ಮಿಯಂ ಸಲ್ಫೈಡ್ ತಳಕ್ಕಿಳಿಯುತ್ತದೆ. ತೊಟ್ಟಿಗೆ ಹಾಕಿದ ಕ್ಯಾಡ್ಮಿಯಂನಲ್ಲಿ ಸಣ್ಣ ಪಾಲು ಮಾತ್ರ ಫಲಕವನ್ನು ಸೇರಿ, ಉಳಿದದ್ದೆಲ್ಲ ತ್ಯಾಜ್ಯವಾಗಿ ಸಂಸ್ಕರಣೆಗೆ ಹೋಗಬೇಕಾಗುತ್ತದೆ. ಸಿದ್ಧ ಫಲಕವನ್ನಷ್ಟೇ ಪರೀಕ್ಷಿಸುವ ಕಾನೂನಿನ ಕಣ್ಣಿಗೆ ಈ ತೊಟ್ಟಿ ಬೀಳುವುದೇ ಇಲ್ಲ.

ಜಪಾನಿನ ಸೋಲಾರ್ ಫ್ರಂಟಿಯರ್ ಕಂಪನಿ ಈ ಪದರದಲ್ಲಿ ಕ್ಯಾಡ್ಮಿಯಂ ಬದಲಿಗೆ ಸತುವಿನ ಆಕ್ಸೈಡ್ ಹಾಗೂ ಸಲ್ಫೈಡುಗಳ ಮಿಶ್ರಣವನ್ನು ಬಳಸಿ ದೊಡ್ಡ ಪ್ರಮಾಣದಲ್ಲೇ ಫಲಕಗಳನ್ನು ತಯಾರಿಸಿತು. 2019ರಲ್ಲಿ ಅದು ಸಾಧಿಸಿದ ಶೇಕಡಾ 23.35ರ ದಕ್ಷತೆ ಆ ವರ್ಗದ ಕೋಶಗಳಲ್ಲೇ ಅಂದಿನ ದಾಖಲೆ, ಮತ್ತು ಅದು ಕ್ಯಾಡ್ಮಿಯಂ ಇಲ್ಲದ ಕೋಶದಿಂದ ಬಂತೆಂಬುದು ಮಹತ್ವದ ಸಂಗತಿ. ವಿಷ ಬಿಟ್ಟರೆ ದಕ್ಷತೆಯನ್ನೂ ಬಿಡಬೇಕಾಗುತ್ತದೆಂಬ ನಂಬಿಕೆಯನ್ನು ಅದು ಅಳಿಸಿತು. ಸಿಲಿಕಾನ್ ಫಲಕಗಳ ಬೆಲೆ ಪಾತಾಳಕ್ಕಿಳಿದ ಮಾರುಕಟ್ಟೆಯಲ್ಲಿ ಆ ಕಂಪನಿ ತೆಳುಪದರದ ಫಲಕಗಳ ಉತ್ಪಾದನೆಯನ್ನು ನಿಲ್ಲಿಸಬೇಕಾಗಿ ಬಂದದ್ದು ವಿಷಾದದ ವಿಷಯ. ನಿರ್ಮಲವಾದ ತಯಾರಿಕೆಗೆ ಮಾರುಕಟ್ಟೆ ಪ್ರತ್ಯೇಕವಾಗಿ ಬೆಲೆ ಕಟ್ಟುವುದಿಲ್ಲ.

ನೆಲದಲ್ಲಿ ಹೇರಳವಾಗಿ ಸಿಗುವ, ತಾವೇ ವಿಷವಲ್ಲದ ಧಾತುಗಳಿಂದ ಕೋಶ ಮಾಡುವ ಹಂಬಲ ಇನ್ನೊಂದು ವಿರೋಧಾಭಾಸವನ್ನು ಹೊರಗೆಡಹಿತು. ತಾಮ್ರ, ಸತು, ತವರ, ಗಂಧಕ ಮತ್ತು ಸೆಲೆನಿಯಂ ಸೇರಿದ ಕೆಸ್ಟರೈಟ್ ಎಂಬ ಸಂಯುಕ್ತದ ಕೋಶದಲ್ಲಿ ಕ್ಯಾಡ್ಮಿಯಂ ಆಗಲಿ ಸೀಸವಾಗಲಿ ಬೆಳಕು ಹೀರುವ ಪದರಕ್ಕೆ ಬೇಕಿಲ್ಲ. ಆದರೆ ಐಬಿಎಂ ಸಂಶೋಧನಾಲಯದಲ್ಲಿ ಟಿಯೋಡೋರ್ ಟೊಡೊರೊವ್, ಡೇವಿಡ್ ಮಿಟ್ಜಿ ಮೊದಲಾದವರು 2010ರಲ್ಲಿ ಶೇಕಡಾ 9.6ರ, ಮುಂದೆ 2013ರ ಹೊತ್ತಿಗೆ ಶೇಕಡಾ 12.6ರ ದಕ್ಷತೆಯ ಕೋಶಗಳನ್ನು ಮಾಡಿದಾಗ ಬಳಸಿದ ದ್ರಾವಕ ಹೈಡ್ರಜೀನ್. ಅದು ರಾಕೆಟ್ಟುಗಳ ಇಂಧನವಾಗಿ ಹೆಸರಾದ, ಸಿಡಿಯಬಲ್ಲ, ಯಕೃತ್ತನ್ನು ಕೆಡಿಸುವ, ಕ್ಯಾನ್ಸರ್ ತರುವ ಶಂಕೆಗೆ ಗುರಿಯಾದ ದ್ರವ. ಲೋಹದ ಸಲ್ಫೈಡುಗಳನ್ನು ಕರಗಿಸಿ, ಕಾಯಿಸಿದಾಗ ತನ್ನ ಕುರುಹನ್ನೂ ಬಿಡದೆ ಹಾರಿಹೋಗುವುದು ಅದರ ಅಪೂರ್ವ ಗುಣ. ಇಂಗಾಲದ ಕಲ್ಮಶ ಪದರದಲ್ಲಿ ಉಳಿಯದಿರುವುದೇ ಆ ಕೋಶಗಳ ಯಶಸ್ಸಿನ ಗುಟ್ಟು. ಅದೇ ಗುಣಕ್ಕಾಗಿ ಅದನ್ನು ಕಾರ್ಖಾನೆಯ ಪ್ರಮಾಣಕ್ಕೆ ಒಯ್ಯುವುದೆಂದರೆ ಕಾರ್ಮಿಕರನ್ನು ಸ್ಫೋಟಕದ ಪಕ್ಕದಲ್ಲಿ ನಿಲ್ಲಿಸಿದಂತೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಿಲ್‌ಹೌಸ್ ಅವರ ತಂಡ 2011ರಲ್ಲಿ ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ಸೌಮ್ಯವಾದ ದ್ರಾವಕದಿಂದ ಇದೇ ಪದರವನ್ನು ಬೆಳೆಸಿದಾಗ ದಕ್ಷತೆ ಶೇಕಡಾ 4ರಷ್ಟಿತ್ತು; ಕೆಲವೇ ವರ್ಷಗಳಲ್ಲಿ ಅದೇ ದ್ರಾವಕದ ಮಾರ್ಗ ಶೇಕಡಾ 11ನ್ನು ದಾಟಿತು, ಬಳಿಕ ಹೈಡ್ರಜೀನಿನ ಹಳೆಯ ದಾಖಲೆಯನ್ನೂ ಹಿಂದಿಕ್ಕಿತು. ನಡುವೆ ಅನೇಕ ಪ್ರಯೋಗಾಲಯಗಳು ಹಿಡಿದ 2-ಮೀಥಾಕ್ಸಿಎಥನಾಲ್ ಎಂಬ ದ್ರಾವಕ ಸಿಡಿಯುವುದಿಲ್ಲವಾದರೂ ಸಂತಾನಶಕ್ತಿಗೆ ಹಾನಿಕರವೆಂದು ಮೊದಲೇ ಗೊತ್ತಿದ್ದ ವಸ್ತು. ಹೈಡ್ರಜೀನ್ ಇಲ್ಲದ ಕ್ರಮವೆಂಬ ಹೊಗಳಿಕೆಯ ಮರೆಯಲ್ಲಿ ಅದು ಕಾಣದೆ ಹೋಯಿತು.

ಈಗ ಈ ಇಡೀ ಚರ್ಚೆ ಪೆರೊವ್‌ಸ್ಕೈಟ್ ಕೋಶಗಳ ಮೇಲೆ ಬಂದು ನಿಂತಿದೆ. ಸೀಸ, ಅಯೋಡಿನ್ ಮತ್ತು ಸಾವಯವ ಅಯಾನುಗಳು ಒಂದು ವಿಶಿಷ್ಟ ಸ್ಫಟಿಕರಚನೆಯಲ್ಲಿ ಸೇರಿದ ಈ ಕೋಶಗಳು 2009ರಲ್ಲಿ ಜಪಾನಿನ ತ್ಸುತೋಮು ಮಿಯಾಸಾಕ ಅವರ ಪ್ರಯೋಗಾಲಯದಲ್ಲಿ ಶೇಕಡಾ 3.8ರ ದಕ್ಷತೆಯಿಂದ ಆರಂಭವಾಗಿ ಇಂದು ಶೇಕಡಾ 26ನ್ನು ಮೀರಿವೆ. ಸಾರ್ವಜನಿಕ ಚರ್ಚೆ ಬಹುತೇಕ ಸೀಸದ ಸುತ್ತಲೇ ನಡೆಯುತ್ತದೆ. ಅದು ಅಗತ್ಯವೇ, ಪೆರೊವ್‌ಸ್ಕೈಟಿನಲ್ಲಿರುವ ಸೀಸ ನೀರು ತಾಗಿದರೆ ಬಿಡಿಸಿಕೊಂಡು ಹರಿಯಬಲ್ಲದು, ಕ್ಯಾಡ್ಮಿಯಂ ಟೆಲ್ಯುರೈಡಿನಷ್ಟು ಗಟ್ಟಿಮುಟ್ಟಲ್ಲ. ಆದರೆ ತೂಕದ ಲೆಕ್ಕದಲ್ಲಿ ಕಾರ್ಖಾನೆಯಲ್ಲಿ ಸೀಸಕ್ಕಿಂತ ಹೆಚ್ಚು ಖರ್ಚಾಗುವುದು ದ್ರಾವಕ, ಮತ್ತು ರೂಢಿಯ ದ್ರಾವಕವಾದ ಡೈಮೀಥೈಲ್ ಫಾರ್ಮಮೈಡ್ ಉಸಿರಿನಿಂದಷ್ಟೇ ಅಲ್ಲ, ಅಖಂಡ ಚರ್ಮದ ಮೂಲಕವೂ ಒಳಸೇರಿ ಯಕೃತ್ತಿಗೂ ಗರ್ಭಸ್ಥ ಶಿಶುವಿಗೂ ಹಾನಿ ಮಾಡುತ್ತದೆ. ಕೃತಕ ಚರ್ಮ ಮತ್ತು ಕೃತಕ ನೂಲಿನ ಕಾರ್ಖಾನೆಗಳ ಕಾರ್ಮಿಕರಲ್ಲಿ ಇದರ ಪರಿಣಾಮಗಳು ದಶಕಗಳ ಹಿಂದೆಯೇ ದಾಖಲಾಗಿವೆ. ಯುರೋಪಿಯನ್ ಒಕ್ಕೂಟ 2023ರ ಡಿಸೆಂಬರಿನಿಂದ ಇದರ ಬಳಕೆಗೆ ಮಿತಿ ಹೇರಿದ್ದು, ಕೆಲಸದ ಸ್ಥಳದಲ್ಲಿ ಉಸಿರಿಗೆ ಸಿಗುವ ಪ್ರಮಾಣ ಘನಮೀಟರ್ ಗಾಳಿಗೆ 6 ಮಿಲಿಗ್ರಾಮಿಗಿಂತ ಕಡಿಮೆ ಇರಬೇಕೆಂದು ಕಟ್ಟುಪಾಡು ವಿಧಿಸಿದೆ.

ಈ ದ್ರಾವಕವನ್ನು ಬಿಡುವುದು ಏಕೆ ಕಷ್ಟವೆಂದರೆ, ಸೀಸದ ಅಯೋಡೈಡ್ ಕರಗಬೇಕಾದರೆ ದ್ರಾವಕದ ಅಣು ಸೀಸಕ್ಕೆ ತನ್ನ ಎಲೆಕ್ಟ್ರಾನ್ ಜೋಡಿಯನ್ನು ನೀಡಿ ಹಿಡಿದುಕೊಳ್ಳಬೇಕು. ಮದ್ಯಸಾರಕ್ಕೆ ಆ ಸಾಮರ್ಥ್ಯ ಸಾಲದು, ನೀರು ಸಿದ್ಧವಾದ ಸ್ಫಟಿಕವನ್ನೇ ಒಡೆಯುತ್ತದೆ. ಸೀಸದ ನೈಟ್ರೇಟನ್ನು ನೀರಿನಲ್ಲಿ ಕರಗಿಸಿ ಲೇಪಿಸಿ, ಆ ಮೇಲೆ ಅದನ್ನು ಪೆರೊವ್‌ಸ್ಕೈಟ್ ಆಗಿ ಪರಿವರ್ತಿಸುವ ಮಾರ್ಗವೊಂದು 2015ರಲ್ಲಿ ಪ್ರಕಟವಾಯಿತು. ಸಾವಯವ ದ್ರಾವಕ ತಪ್ಪಿದರೂ ಸೀಸ ಅತ್ಯಂತ ಸುಲಭವಾಗಿ ಕರಗುವ ರೂಪದಲ್ಲಿ ಕಾರ್ಮಿಕರ ಕೈಗೆ ಬರುವುದರಿಂದ ಅದನ್ನು ನಿರ್ಮಲವೆಂದು ಸುಲಭವಾಗಿ ಹೇಳಲಾಗದು. ಸಸ್ಯಮೂಲದಿಂದ ಪಡೆಯಬಹುದಾದ ಗ್ಯಾಮಾ ವ್ಯಾಲೆರೋಲ್ಯಾಕ್ಟೋನ್‌ನಂಥ ದ್ರಾವಕಗಳ ಮೇಲೂ, ದ್ರಾವಕವೇ ಇಲ್ಲದೆ ನಿರ್ವಾತದಲ್ಲಿ ಆವಿಯಾಗಿಸಿ ಲೇಪಿಸುವ ಕ್ರಮಗಳ ಮೇಲೂ ಕೆಲಸ ನಡೆದಿದೆ. ಸ್ಫಟಿಕವನ್ನು ಬೇಗನೆ ಹರಳುಗಟ್ಟಿಸಲು ಮೇಲಿನಿಂದ ಸುರಿಯುತ್ತಿದ್ದ ಕ್ಲೋರೋಬೆಂಜೀನ್, ಟಾಲುಯೀನ್‌ಗಳ ಜಾಗವನ್ನು ಇಥೈಲ್ ಅಸಿಟೇಟ್ ಅಥವಾ ಸೋಂಪಿನ ವಾಸನೆಯ ಅನಿಸೋಲ್ ತುಂಬಬಲ್ಲವೆಂದು ತಿಳಿದುಬಂದಿದೆ; ಈ ಹಂತದಲ್ಲಿ ಸಾರಜನಕದ ಗಾಳಿಯನ್ನು ಊದಿದರೂ ಸಾಕಾಗುವ ಸಂದರ್ಭಗಳಿವೆ.

ಸ್ಪೇನಿನ ಹೌಮೆ ಪ್ರಥಮ ವಿಶ್ವವಿದ್ಯಾಲಯದ ರೊಸಾರಿಯೊ ವಿಡಾಲ್ ಮತ್ತು ಸಂಗಡಿಗರು 2021ರಲ್ಲಿ ಎಂಟು ದ್ರಾವಕಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಕ್ರಮ ಅನುಕರಣೀಯವಾಗಿದೆ. ದ್ರಾವಕದ ವಿಷಗುಣವನ್ನಷ್ಟೇ ನೋಡದೆ, ಅದನ್ನು ಉತ್ಪಾದಿಸುವಾಗ, ಪದರದಿಂದ ಹಾರಿಸುವಾಗ, ಮರಳಿ ಹಿಡಿದು ಶುದ್ಧೀಕರಿಸುವಾಗ ಅಥವಾ ಸುಟ್ಟುಹಾಕುವಾಗ ಆಗುವ ಹಾನಿಯನ್ನೆಲ್ಲ ಕೂಡಿಸಿ ನೋಡಿದಾಗ ಡೈಮೀಥೈಲ್ ಸಲ್ಫಾಕ್ಸೈಡ್ ಎಲ್ಲಕ್ಕಿಂತ ಕಡಿಮೆ ಹಾನಿಯದೆಂದು ಹೊರಬಂತು. ಆದರೆ ಆ ದ್ರಾವಕಕ್ಕೆ ತನ್ನಲ್ಲಿ ಕರಗಿದ್ದನ್ನು ಚರ್ಮದಾಚೆಗೆ ಸಾಗಿಸುವ ಗುಣವಿದೆ. ಸೀಸದ ಲವಣ ಕರಗಿರುವ ದ್ರಾವಣ ಕೈಗೆ ತಾಗಿದರೆ ದ್ರಾವಕದ ಸೌಮ್ಯತೆ ಕಾರ್ಮಿಕರನ್ನು ಕಾಪಾಡದು. ಹೀಗಾಗಿ ದ್ರಾವಕದ ಆಯ್ಕೆಯೊಂದೇ ಉತ್ತರವಲ್ಲ, ಕೈಗವಸಿನ ಗುಣಮಟ್ಟ, ಮುಚ್ಚಿದ ಯಂತ್ರ, ಆವಿಯನ್ನು ಹೀರುವ ವ್ಯವಸ್ಥೆ ಇವೂ ತಯಾರಿಕಾಕ್ರಮದ ಅಂಗಗಳೇ ಆಗುತ್ತವೆ.

ಭಾರತಕ್ಕೆ ಇದು ದೂರದ ವಿಷಯವಾಗಿ ಉಳಿದಿಲ್ಲ. ಅಮೆರಿಕದ ಫಸ್ಟ್ ಸೋಲಾರ್ ಕಂಪನಿ ವರ್ಷಕ್ಕೆ 3.3 ಗಿಗಾವ್ಯಾಟ್ ಸಾಮರ್ಥ್ಯದ ಕ್ಯಾಡ್ಮಿಯಂ ಟೆಲ್ಯುರೈಡ್ ಫಲಕಗಳ ಕಾರ್ಖಾನೆಯನ್ನು ಚೆನ್ನೈ ಸಮೀಪ ಕಟ್ಟಿ 2024ರ ಜನವರಿಯಲ್ಲಿ ಉದ್ಘಾಟಿಸಿತು. ಅದಕ್ಕೂ ಹಿಂದೆ, ರಾಷ್ಟ್ರೀಯ ಸೌರ ಅಭಿಯಾನದ ಮೊದಲ ಹಂತದಲ್ಲಿ ದೇಶೀಯ ತಯಾರಿಕೆಯ ಕಡ್ಡಾಯ ಸಿಲಿಕಾನ್ ಕೋಶಗಳಿಗೆ ಅನ್ವಯಿಸಿ ತೆಳುಪದರದ ಕೋಶಗಳನ್ನು ಹೊರಗಿಟ್ಟದ್ದರಿಂದ, ಆಮದು ಮಾಡಿಕೊಂಡ ತೆಳುಪದರದ ಫಲಕಗಳು ರಾಜಸ್ಥಾನದ ಮರುಭೂಮಿಯಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಗೊಂಡವು. ಇಪ್ಪತ್ತೈದು ವರ್ಷದ ಬಾಳಿಕೆ ಎಂದುಕೊಂಡರೆ ಅವು 2035ರ ಬಳಿಕ ಒಂದೊಂದಾಗಿ ಕೆಳಗಿಳಿಯುತ್ತವೆ. 2023ರ ಏಪ್ರಿಲಿನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಸೌರಫಲಕಗಳನ್ನು ಮೊದಲ ಬಾರಿಗೆ ತಮ್ಮ ವ್ಯಾಪ್ತಿಗೆ ತಂದು, 2034–35ರವರೆಗೆ ಉಂಟಾಗುವ ಫಲಕಗಳ ತ್ಯಾಜ್ಯವನ್ನು ತಯಾರಕರು ಲೆಕ್ಕವಿಟ್ಟು ಸಂಗ್ರಹಿಸಿಡಬೇಕೆಂದು ವಿಧಿಸಿವೆ. ನಿಯಮಗಳ ದೃಷ್ಟಿ ಇಲ್ಲಿಯೂ ಸಿದ್ಧ ಫಲಕದ ಮೇಲೆಯೇ ಇದೆ. ತಯಾರಿಕೆಯ ದ್ರಾವಕ, ಗಸಿ ಮತ್ತು ತೊಳೆನೀರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ, ಬೇರೆ ಕಡತದಲ್ಲಿ, ಹುಟ್ಟಿದ ಮೇಲೆ ವಿಲೇವಾರಿ ಮಾಡಬೇಕಾದ ವಸ್ತುಗಳಾಗಿ ಪರಿಗಣಿತವಾಗುತ್ತವೆ.

ಸೌರಫಲಕಗಳ ದೇಶೀಯ ತಯಾರಿಕೆಗೆ ಸರ್ಕಾರ ಕೊಡುವ ಪ್ರೋತ್ಸಾಹಧನದ ಷರತ್ತುಗಳಲ್ಲಿ ದಕ್ಷತೆಗೆ ಅಂಕಗಳಿರುವಂತೆ, ಬಳಸುವ ದ್ರಾವಕ ಮತ್ತು ಲವಣಗಳ ಪಟ್ಟಿಗೂ ತೂಕ ಇರಬೇಕು. ಲೇಪನಯಂತ್ರ, ಕುಲುಮೆ, ಆವಿ ಹೀರುವ ಕೊಳವೆ ಇವೆಲ್ಲ ಒಂದು ನಿರ್ದಿಷ್ಟ ದ್ರಾವಕದ ಕುದಿಬಿಂದುವಿಗೆ, ಒಂದು ನಿರ್ದಿಷ್ಟ ಲವಣದ ಆವಿಗೆ ಹೊಂದುವಂತೆ ರೂಪುಗೊಳ್ಳುವುದರಿಂದ, ಒಮ್ಮೆ ಕಾರ್ಖಾನೆ ಎದ್ದ ಮೇಲೆ ಅವನ್ನು ಬದಲಿಸುವ ಖರ್ಚು ಹಲವು ಪಟ್ಟು ಏರುತ್ತದೆ. ಕ್ಯಾಡ್ಮಿಯಂ ಕ್ಲೋರೈಡ್ ದಶಕಗಳ ಕಾಲ ಉಳಿದುಕೊಂಡದ್ದಕ್ಕೆ ಅದೂ ಒಂದು ಕಾರಣ. ಪೆರೊವ್‌ಸ್ಕೈಟ್ ಕಾರ್ಖಾನೆಗಳು ಇನ್ನೂ ನಕ್ಷೆಯ ಹಂತದಲ್ಲಿರುವ ದೇಶದಲ್ಲಿ ಡೈಮೀಥೈಲ್ ಫಾರ್ಮಮೈಡಿಗೆ ಹೊಂದುವ ಯಂತ್ರಗಳನ್ನು ತರಿಸಿಕೊಳ್ಳದಿರುವ ಅವಕಾಶ ಈಗ ತೆರೆದಿದೆ.